ಮೊದಲ ಅಂಕಿ

“ಗುರುಗಳೇ, ಆ ನೇಕಾರ ಮಠ ಬಿಟ್ಟು ಹೋದ. ನೀವು ನನಗೆ ಹೇಳಿದ ನೇಮವನ್ನೇ ನಾನು ಅವನಿಗೂ ಹೇಳಿದ್ದೆ. ನಸುಕಿನಲ್ಲಿ ಏಳಬೇಕು, ನಲವತ್ತು ಕೊಡ ನೀರು ಸೇದಬೇಕು, ತುಟಿ ಬಿಚ್ಚಬಾರದು. ಮೂರೇ ದಿನಕ್ಕೆ ಓಡಿದ. ಗಟ್ಟಿಯಿಲ್ಲದ ಮನುಷ್ಯ. ಇದರಲ್ಲಿ ನನ್ನ ತಪ್ಪೇನು?” ಎಂದು ಶಿಷ್ಯ ಕೇಳಿದ.

ನೇಕಾರ ಹೆಂಡತಿಯನ್ನು ಮಣ್ಣು ಮಾಡಿ ನೇರವಾಗಿ ಮಠಕ್ಕೆ ಬಂದಿದ್ದವನು. ಗುರುಗಳಿಗೆ ಸಿಟ್ಟು ನೆತ್ತಿಗೇರಿತು. ಸನ್ಯಾಸಕ್ಕೆ ಮೊದಲು ಅವರು ಲಾರಿ ಓಡಿಸುತ್ತಿದ್ದರು. ಕೋಪ ಬಂದಾಗ ಅವರ ಬಾಯಲ್ಲಿ ಶಾಸ್ತ್ರ ಬರುತ್ತಿರಲಿಲ್ಲ, ಲಾರಿಯೇ ಬರುತ್ತಿತ್ತು.

“ಕೂತು ಕೇಳು” ಎಂದು ಗದರಿದರು.

“ಬಳ್ಳಾರಿಯ ಬಿಸಿಲಲ್ಲಿ ಒಬ್ಬ ಲಾರಿ ಮಾಲೀಕನಿದ್ದ. ಇಂಜಿನ್ ಆಯಿಲನ್ನು ಎರಡು ಬೆರಳ ನಡುವೆ ತಿಕ್ಕಿ ನೋಡುವುದು ಅವನ ಪದ್ಧತಿ. ದಪ್ಪಗಿದ್ದರೆ ಒಳ್ಳೆಯದು, ತೆಳ್ಳಗಿದ್ದರೆ ನೀರು. ಬಿಸಿಲ ನಾಡಿನಲ್ಲಿ ಅದು ನಡೆಯಿತು. ಒಮ್ಮೆ ಅವನು ಹಿಮದ ಬೆಟ್ಟದಲ್ಲಿ ರಸ್ತೆ ಮಾಡುವ ಕೂಲಿಗಳಿಗೆ ಅಕ್ಕಿ ಹೇರಿಕೊಂಡು ಹೊರಟ.

“ಮೆಕ್ಯಾನಿಕ್ ತಡೆದ. ‘ಧಣಿ, ಆಯಿಲ್ ಡಬ್ಬದ ಮೇಲೆ ಎರಡು ಅಂಕಿ ಅದಾವು. ಎರಡನೇದು, ಇಂಜಿನ್ ಕಾದಾಗ ಆಯಿಲ್ ಎಷ್ಟು ದಪ್ಪ ಉಳೀತದ ಅಂತ ಹೇಳ್ತದ. ಮೊದಲ್ನೇದು ಚಳಿಯಾಗ ಹೆಂಗ ಹರೀತದ ಅಂತ. ಅದು ಸಣ್ಣದಿದ್ದಷ್ಟೂ ಲಗೂನ ಹರೀತದ. ಬೆಟ್ಟಕ್ಕ ಮೊದಲ ಅಂಕಿ ಸಣ್ಣದಿರೋದು ಹಾಕ್ರಿ.’

“‘ನನಗ ಕಲಿಸ್ತೀಯೇನಲೇ? ದಪ್ಪ ಆಯಿಲೇ ಹಾಕು’ ಎಂದ ಮಾಲೀಕ.

“ಬೆಟ್ಟದ ಮೇಲೆ ಬೆಳಿಗ್ಗೆ ಲಾರಿ ನರಳುತ್ತಾ ಸ್ಟಾರ್ಟ್ ಆಯಿತು. ಅವನು ಆ ಕ್ಷಣವೇ ಆಕ್ಸಿಲರೇಟರ್ ತುಳಿದ. ಆಯಿಲ್ ಕೆಳಗೆ ಹೆಪ್ಪುಗಟ್ಟಿದಂತೆ ಕೂತಿತ್ತು. ಮೇಲೆ ಕಬ್ಬಿಣಕ್ಕೆ ಕಬ್ಬಿಣ ಒಣದಾಗಿ ಉಜ್ಜಿತು. ಒಂದು ಹರದಾರಿ ಹೋಗುವಷ್ಟರಲ್ಲಿ ಇಂಜಿನ್ ಜಾಮ್ ಆಯಿತು. ಕೂಲಿಗಳು ನಾಲ್ಕು ದಿನ ಉಪವಾಸ ಬಿದ್ದರು. ಆ ಮೂರ್ಖ ಟೈರಿಗೆ ಒದ್ದು ಏನೆಂದ ಗೊತ್ತೇ? ‘ಗಟ್ಟಿಯಿಲ್ಲದ ಇಂಜಿನ್’ ಎಂದ!”

ಶಿಷ್ಯ ತಲೆ ತಗ್ಗಿಸಿದ. ಆದರೂ ಅವನು ಹಟ ಬಿಡಲಿಲ್ಲ. “ನಾನು ಬಂದಾಗಲೂ ಇದೇ ನೇಮವಿತ್ತು. ನಾನು ತಾಳಿದೆನಲ್ಲ?” ಎಂದ.

ಗುರುಗಳು ಎದ್ದು ನಿಂತರು. ನೇಕಾರನನ್ನು ಹುಡುಕಲು ಚಪ್ಪಲಿ ಮೆಟ್ಟುತ್ತಾ ಹೇಳಿದರು:

“ಮೊದಲ ತಿಂಗಳು ನೀನು ಹೊತ್ತೇರುವವರೆಗೆ ಮಲಗಿರುತ್ತಿದ್ದೆಯಲ್ಲ, ನಿನ್ನ ಪಾಲಿನ ನಲವತ್ತು ಕೊಡ ಸೇದಿದವರು ಯಾರೆಂದು ಒಂದು ದಿನವಾದರೂ ಕೇಳಿದ್ದೀಯಾ?”