ಮೂಗಿಲ್ಲದ ಯಂತ್ರ

“ಏನಾಯಿತೆಂದು ಊಹಿಸು ನೋಡೋಣ. ಕೆಟ್ಟುಹೋದ ಕಂಪ್ಯೂಟರಿನ ಹಾಡು ಮತ್ತೆ ಕೇಳಿಸಿತು. ಅದರ ಜೊತೆ ಹಾಡಬೇಕಾದ ಹೆಂಗಸರು ಮಾತ್ರ ಬಾಯಿ ಮುಚ್ಚಿ ಕುಳಿತರು. ಏಕೆ?”

ಶಿಷ್ಯ ಕೇಳಿದ್ದ ಪ್ರಶ್ನೆಯೇ ಬೇರೆ. ಹಿರಿಯರಿಂದ ಕಲಿಯುವಾಗ ಅವರ ಗುಣವನ್ನಷ್ಟೇ ತೆಗೆದುಕೊಂಡು ದೋಷವನ್ನು ಬಿಟ್ಟುಬಿಡಬಹುದಲ್ಲವೇ ಎಂದು ಅವನು ಕೇಳಿದ್ದ. ಗುರುಗಳು ಅದಕ್ಕೆ ಉತ್ತರವಾಗಿ ಈ ಒಗಟು ಒಡ್ಡಿದರು. ಅವನು ಗೊತ್ತಿಲ್ಲವೆಂದು ತಲೆಯಾಡಿಸಿದ. ಅವರಿಗೆ ಬೇಕಾಗಿದ್ದೂ ಅದೇ. ಖುಷಿಯಿಂದ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಸಂಗೀತದ ಮೇಷ್ಟ್ರಿದ್ದರು. ಭಜನಾ ಮಂಡಳಿಯ ಹೆಂಗಸರಿಗಾಗಿ ತಮ್ಮ ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಬರೆದರು. ಅದು ಹಾಡಿನ ಧಾಟಿಯನ್ನು ಒಂದೊಂದೇ ಸಾಲಾಗಿ ನುಡಿಸುತ್ತಿತ್ತು. ಆ ಕಾಲದ ಯಂತ್ರ, ನೆನಪು ಕಡಿಮೆ. ಒಂದು ಸಾಲು ಮುಗಿದರೆ ಮುಂದಿನದನ್ನು ಫ್ಲಾಪಿಯಿಂದ ತಂದುಕೊಳ್ಳಬೇಕು, ಅಲ್ಲಿಯವರೆಗೆ ಹಾಡು ನಿಲ್ಲುತ್ತಿತ್ತು. ಫ್ಲಾಪಿಯನ್ನು ನೀನು ನೋಡಿರಲಾರೆ. ಅಂಗೈಯಗಲದ ಚಪ್ಪಟೆ ವಸ್ತು, ತಿರುಗುವಾಗ ಕಿರ್ರ್ ಎನ್ನುತ್ತಿತ್ತು ಪಾಪ. ಇರಲಿ, ಅದು ಬೇರೆ ಮಾತು.

ಮೇಷ್ಟ್ರು ತೀರಿಕೊಂಡರು. ಕೆಲವು ವರ್ಷಗಳ ಮೇಲೆ ಯಂತ್ರವೂ ಕೆಟ್ಟಿತು. ಅದಿಲ್ಲದೆ ಹೆಂಗಸರಿಗೆ ಧಾಟಿ ನಿಲ್ಲಲಿಲ್ಲ. ಮಂಡಳಿಯನ್ನೇ ಮುಚ್ಚುವ ಮಾತು ಬಂತು.

ಆಗ ಒಬ್ಬ ಕಂಪ್ಯೂಟರ್ ತಜ್ಞ ಬಂದ. ಹಳೆಯ ಯಂತ್ರದ ನಡೆಯನ್ನೆಲ್ಲ ಹೊಸದಕ್ಕೆ ಕಲಿಸಿದ. ಮೇಷ್ಟ್ರ ಪ್ರೋಗ್ರಾಮಿಗೆ ತಾನು ಹಳೆಯ ಮನೆಯಲ್ಲೇ ಇದ್ದೇನೆ ಎನ್ನಿಸಬೇಕು, ಹಾಗೆ. ಧಾಟಿ ಅದೇ, ಸ್ವರ ಅದೇ. ಸಾಲು ಸಾಲಿನ ನಡುವಿನ ತಡವನ್ನು ಮಾತ್ರ ದೋಷವೆಂದು ತೆಗೆದುಹಾಕಿದ.

ಹೆಂಗಸರು ಹಾಡಲು ಕುಳಿತರು. ಎರಡನೆಯ ಸಾಲಿಗೇ ಏದುಸಿರು ಬಂತು, ಮೂರನೆಯದಕ್ಕೆ ಎಲ್ಲರೂ ನಿಲ್ಲಿಸಿದರು.

“ಏನಪ್ಪಾ, ನಿನ್ನ ಯಂತ್ರಕ್ಕೆ ಮೂಗಿಲ್ಲವೇ?” ಎಂದಳು ಒಬ್ಬ ಮುದುಕಿ.

ತಜ್ಞನಿಗೆ ತಪ್ಪು ತಿಳಿಯಿತು. “ಹಳೆಯದು ಎಷ್ಟು ಹೊತ್ತು ನಿಲ್ಲುತ್ತಿತ್ತು, ಅಮ್ಮಾ?”

“ಅದನ್ನು ಯಾರು ಅಳೆದರು? ಅಷ್ಟರಲ್ಲಿ ನಾವು ಉಸಿರೆಳೆದುಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದೆವು.”

“ಹಾಗಾದರೆ ಈಗಲೂ ಮಾಡಿ,” ಎಂದು ಅವನು ಗಡಿಯಾರ ಹಿಡಿದು ಕುಳಿತ. ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಆಮೇಲೆ ಉಸಿರೆಳೆದು ಸೆರಗು ಸರಿಮಾಡಿಕೊಂಡರು. ಅಷ್ಟು ಹೊತ್ತನ್ನು ಅವನು ಪ್ರತಿ ಸಾಲಿನ ಕೊನೆಗೂ ಸೇರಿಸಿದ. ಹಾಡು ಮಂಗಳದವರೆಗೂ ಸಾಗಿತು. ಮಂಡಳಿ ಮುಚ್ಚುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಅಂದರೆ ದೋಷವನ್ನೂ ಉಳಿಸಿಕೊಳ್ಳಬೇಕು ಎಂದಾಯಿತು,” ಎಂದ ಶಿಷ್ಯ.

“ದೋಷವನ್ನಲ್ಲ,” ಎಂದರು ಗುರುಗಳು. “ಹಳೆಯದು ಓಡಲಾರದೆ ನಿಲ್ಲುತ್ತಿತ್ತು, ಓಡಬಲ್ಲ ಯಂತ್ರ ಜೊತೆಯವರಿಗಾಗಿ ಮೊದಲ ಸಲ ನಿಂತದ್ದು ಹೋದ ವರ್ಷ, ಕಾರ್ತಿಕ ಶುದ್ಧ ದ್ವಾದಶಿಯ ಆ ಭಜನೆಯ ದಿನ.”