ಹಗ್ಗದಾಚೆಯ ಮಾವುತ

ಬಿಲ್ಲಗಿರಿಯ ದಳವಾಯಿ ಹೊನ್ನಪ್ಪನಾಯಕನಿಗೆ ಯುದ್ಧವಿಲ್ಲದೆ ಕೈ ತುರಿಸುತ್ತಿತ್ತು. ಶತ್ರುಗಳು ಸಿಗದಿದ್ದರೆ ಇಂಥವರು ಊರಿನವರ ಮೇಲೆಯೇ ದಂಡೆತ್ತುತ್ತಾರೆ. ರಾಜ ಮುದ್ದರಸ ವರ್ಷಕ್ಕೊಮ್ಮೆ ಹೊರಡುವ ಪಟ್ಟದ ಮೆರವಣಿಗೆ ಹತ್ತಿರವಾದದ್ದೇ ತಡ, ಅವನು ಸಭೆಯಲ್ಲಿ ಎದ್ದು ನಿಂತು ಮೀಸೆ ತಿರುವಿದ.

"ಪ್ರಭು, ಅಂದು ಬೆಳಗಾಗುವ ಮೊದಲೇ ರಾಜಬೀದಿಯ ಎರಡೂ ಬದಿಗೆ ಹಗ್ಗ ಕಟ್ಟಿಸುತ್ತೇನೆ. ಮೆರವಣಿಗೆ ಮುಗಿಯುವ ತನಕ ಬಂಡಿಯ ಮಾತಿರಲಿ, ಬೆಕ್ಕು ಕೂಡ ಬೀದಿ ದಾಟದು."

ರಾಜಬೀದಿ ಊರನ್ನು ಎರಡಾಗಿ ಸೀಳಿತ್ತು. ಪಡುಪೇಟೆಯವರು ಮೂಡುಪೇಟೆಗೆ ಹೋಗಲು ಅದನ್ನು ದಾಟದೆ ಬೇರೆ ದಾರಿಯೇ ಇರಲಿಲ್ಲ. ಸುದ್ದಿ ಕೇಳಿ ಮೂಡುಪೇಟೆಯ ನೇಕಾರರ ದೇವೀರಮ್ಮ ಅರಮನೆಗೆ ಓಡಿ ಬಂದಳು.

"ನನ್ನ ಸೊಸೆಗೆ ದಿನ ತುಂಬಿದೆ ಬುದ್ಧಿ. ಸೂಲಗಿತ್ತಿ ಪುಟ್ಟಮಲ್ಲಿ ಇರೋದು ಪಡುಪೇಟೇಲಿ. ಮೊದಲೇ ಕರ್ಕೊಂಡು ಬಂದು ಇಟ್ಕೊಳ್ಳೋಣ ಅಂದ್ರೆ ಆ ಕಡೇನೂ ಬಸುರಿಯರಿದಾರೆ. ಅವತ್ತೇ ನೋವು ಕಾಣಿಸ್ಕೊಂಡ್ರೆ ಏನು ಮಾಡ್ಲಿ?"

"ಒಂದು ದಿನ ತಡೆದು ಹೆರಲಿ," ಎಂದ ದಳವಾಯಿ.

ಸಭೆಯೆಲ್ಲ ನಕ್ಕಿತು. ರಾಜನೂ ನಕ್ಕ. ಎಲ್ಲರನ್ನೂ ನಗಿಸುವುದೇ ಕೆಲಸವಾಗಿದ್ದ ಸಿಂಗಣ್ಣನೊಬ್ಬನೇ ನಗಲಿಲ್ಲ. ಕಣ್ಣೊರೆಸಿಕೊಳ್ಳುತ್ತಿದ್ದ ದೇವೀರಮ್ಮನನ್ನು ನೋಡಿ ಅವನು ಎದ್ದು ನಿಂತ.

"ಏರ್ಪಾಡು ಸೊಗಸಾಗಿದೆ ಪ್ರಭು," ಎಂದ ಅವನು. "ಆದರೆ ದೊಡ್ಡವರಿಗೊಂದು ಚಿಕ್ಕವರಿಗೊಂದು ಆಗಬಾರದು. ತಮ್ಮ ಅಪ್ಪಣೆಯಿಲ್ಲದೆ ಯಾರೂ, ಯಾರಿಗಾಗಿಯೂ ಹಗ್ಗ ಬಿಚ್ಚಬಾರದು."

ದಳವಾಯಿ ಉಬ್ಬಿಹೋದ. ರಾಜ ಹೂಂಗುಟ್ಟಿದ.

ಮೆರವಣಿಗೆಯ ಮುಂಚಿನ ದಿನ ಸಿಂಗಣ್ಣ ಮೂಡುಪೇಟೆಯ ಆನೆಲಾಯಕ್ಕೆ ಹೋದ. ಪಟ್ಟದಾನೆ ಲಕ್ಕನದೊಂದು ರೂಢಿ. ಮಾವುತ ಬುಡನ್‌ಸಾಬಿ ಬೆಳಗ್ಗೆ ತನ್ನ ಕೈಯಾರೆ ರಾಗಿಮುದ್ದೆ ಬಾಯಿಗಿಡುವ ತನಕ ಅದು ಹೆಜ್ಜೆ ಎತ್ತಿಡುತ್ತಿರಲಿಲ್ಲ.

"ಬುಡನಣ್ಣ, ನಾಳೆ ಇಡೀ ದಿನ ಬಿಸಿಲಲ್ಲಿ ಬೇಯ್ಬೇಕು. ಇವತ್ತು ಮನೆಗೆ ಹೋಗಿ ಹಾಯಾಗಿ ಮಲಗು."

ಬುಡನ್‌ಸಾಬಿಯ ಮನೆ ಪಡುಪೇಟೆಯಲ್ಲಿತ್ತು.

ಮರುದಿನ ಅಂಬಾರಿ ಕಟ್ಟಿದರು. ನಗಾರಿ ಬಡಿದರು. ಲಕ್ಕ ಅಲುಗಲಿಲ್ಲ. ಬೆಲ್ಲ ತೋರಿಸಿದರು, ಬಾಳೆಗೊನೆ ತೋರಿಸಿದರು, ಅದು ಮುಖ ತಿರುಗಿಸಿತು. ದಳವಾಯಿ ಹಿಂದಿನಿಂದ ತಾನೇ ತಳ್ಳಲು ಹೋದ. ಲಕ್ಕ ಬಾಲ ಎತ್ತಿತು. ದಳವಾಯಿಯ ಜರಿಯಂಗಿ ಅಲ್ಲಿಗೆ ಮುಗಿಯಿತು.

"ಮಾವುತನೆಲ್ಲಿ?" ಎಂದು ರಾಜ ಗದರಿದ.

"ಹಗ್ಗದ ಆಚೆ, ಪ್ರಭು," ಎಂದ ಸಿಂಗಣ್ಣ.

ರಾಜ ತಾನೇ ಬೀದಿಗೆ ನಡೆದ. ಆಚೆ ಬದಿಯಲ್ಲಿ ಬುಡನ್‌ಸಾಬಿ ಮುದ್ದೆ ಹಿಡಿದು ನಿಂತಿದ್ದ. ಅವನ ಪಕ್ಕದಲ್ಲಿ ಗಂಟು ಹಿಡಿದು ಪುಟ್ಟಮಲ್ಲಿ. ಈಚೆ ಬದಿಯಲ್ಲಿ ದೇವೀರಮ್ಮ ಕಾವಲಿನವನ ಕಾಲು ಹಿಡಿದಿದ್ದಳು. ಸೊಸೆ ಬೆಳಗಿನಿಂದ ನೋವು ತಿನ್ನುತ್ತಿದ್ದಳು.

"ಪ್ರಭು, ಮಾವುತನೊಬ್ಬನನ್ನು ಬಿಡಲು ಅಪ್ಪಣೆಯಾಗಲಿ. ಹೊತ್ತು ಮೀರುತ್ತಿದೆ," ಎಂದ ದಳವಾಯಿ.

"ಅವಸರವೇನು ದಳವಾಯಿಗಳೇ?" ಎಂದ ಸಿಂಗಣ್ಣ. "ನಾಳೆ ಹಗ್ಗ ಇರುವುದಿಲ್ಲವಲ್ಲ. ಒಂದು ದಿನ ತಡೆಯಿರಿ."

"ಮೆರವಣಿಗೆಯನ್ನು ತಡೆಯುವುದುಂಟೇ?"

"ಹೆರಿಗೆಯನ್ನೇ ತಡೆಯಲು ಹೇಳಿದವರು ನೀವು. ನಿಮಗೆ ಮೆರವಣಿಗೆ ಯಾವ ಲೆಕ್ಕ?"

ಅಂದು ತಾನೂ ನಕ್ಕಿದ್ದು ರಾಜನಿಗೆ ನೆನಪಾಯಿತು. ನಾಚಿಕೆಯಿಂದ ತಲೆ ತಗ್ಗಿಸಿ ಎರಡೂ ಬದಿಯ ಹಗ್ಗವನ್ನು ತನ್ನ ಕೈಯಿಂದಲೇ ಬಿಚ್ಚಿದ. ಮಾವುತನಿಗಿಂತ ಮೊದಲು ಪುಟ್ಟಮಲ್ಲಿ ಓಡಿದಳು.

"ಹಾಗಾದರೆ ಬೀದಿಗೆ ಕಾವಲೇ ಬೇಡವೇ ಸಿಂಗಣ್ಣ?"

"ಬೇಕು ಪ್ರಭು. ನಗಾರಿ ಹತ್ತಿರ ಬಂದಾಗ ಆಯಾ ತಿರುವಿಗೆ ಹಗ್ಗ ಕಟ್ಟಲಿ, ಆನೆ ಮುಂದೆ ಹೋದ ಕೂಡಲೇ ಬಿಚ್ಚಲಿ. ಊರೂ ನಡೆಯುತ್ತದೆ, ಆನೆಯೂ ನಡೆಯುತ್ತದೆ."

ಹಾಗೆಯೇ ಆಯಿತು. ಆನೆ ನೇಕಾರರ ಕೇರಿಯ ಮುಂದೆ ಬರುವಾಗ ದೇವೀರಮ್ಮ ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹೆಣ್ಣುಮಗು. ರಾಜ ಆನೆ ನಿಲ್ಲಿಸಿ ಕೊರಳಿನ ಮುತ್ತಿನ ಸರವನ್ನು ಕೂಸಿಗೆ ಕಳಿಸಿದ.

"ನಿನಗೇನು ಬೇಕು ಸಿಂಗಣ್ಣ? ಕೇಳು."

"ಮುಂದಿನ ವರ್ಷ ಮೆರವಣಿಗೆಯ ದಿನವನ್ನು ಜೋಯಿಸರನ್ನು ಕೇಳಿ ಗೊತ್ತು ಮಾಡಬೇಡಿ ಪ್ರಭು," ಎಂದ ಸಿಂಗಣ್ಣ. "ಪುಟ್ಟಮಲ್ಲಿಯನ್ನು ಕೇಳಿ."