ಲಕುಮಕ್ಕನ ಕಟ್ಟೆಗೆ ಆ ಹೆಸರು ಬಂದದ್ದು

ಕಲ್ಲಗೆರೆ ನಗರದ ಪಶ್ಚಿಮಕ್ಕೆ, ಹಳೆಯ ಕೋಟೆಯಿಂದ ಮೂರು ಕಿಲೋಮೀಟರ್ ದೂರದಲ್ಲಿ ಪಡುದೋಟ ಬಡಾವಣೆಯಿದೆ. ಸಾಲುಮರಗಳಿಗೆ ಹೆಸರಾದ ಜಾಗ. ಊರಿಗೆ ಹೊಸದಾಗಿ ಬಂದವರು ಮನೆಗಾಗಿ ಮೊದಲು ವಿಚಾರಿಸುವುದು ಇಲ್ಲಿಯೇ. ಎರಡನೇ ಅಡ್ಡರಸ್ತೆಯ ತಿರುವಿನಲ್ಲಿ, ನಮ್ಮ ಕಾಂಪೌಂಡಿಗೂ ಪಕ್ಕದ ಪಾರ್ಕಿಗೂ ನಡುವೆ, ಕಲ್ಲುಕಟ್ಟೆಯೊಂದರ ಮೇಲೆ ಹೊಂಗೆಯ ಮರ ನಿಂತಿದೆ. ಪಶ್ಚಿಮಕ್ಕೆ ಅದರ ಕೊಂಬೆಗಳು ನಮ್ಮ ಮಹಡಿಯನ್ನು ಮುಟ್ಟುತ್ತವೆ. ಪೂರ್ವಕ್ಕೆ ಗಂಟುಗಂಟಾದ ಬೊಡ್ಡೆ ಬಿಟ್ಟರೆ ಒಂದು ರೆಂಬೆಯೂ ಇಲ್ಲ. ಅಲ್ಲಿ ‘ಲಕುಮಕ್ಕನ ಕಟ್ಟೆ’ ಎಂಬ ಹಸಿರು ಫಲಕವಿದೆ. ನೋಡಿದವರು ಆ ಮರವನ್ನು ಲಕುಮಕ್ಕನೇ ನೆಟ್ಟಳೆಂದು ತಿಳಿಯುತ್ತಾರೆ. ಅದು ಸರಿಯಲ್ಲ. ನೆಟ್ಟವಳು ದೇವಾಜಮ್ಮ, ನಾನು ಸೊಸೆಯಾಗಿ ಬಂದ ಮನೆತನದ ಮೂಲಜ್ಜಿ. ಈ ಸಂಗತಿಯನ್ನು ನನ್ನ ಅತ್ತೆಯಿಂದಲೂ ಲಕುಮಕ್ಕನ ವಂಶದ ಇಬ್ಬರು ಹಿರಿಯರಿಂದಲೂ ಬೇರೆಬೇರೆಯಾಗಿ ಕೇಳಿ ಬರೆದಿಟ್ಟುಕೊಂಡಿದ್ದೇನೆ. ಮೂವರ ಮಾತೂ ಕೂಡಿದ್ದನ್ನಷ್ಟೇ ಇಲ್ಲಿ ಕೊಡುತ್ತೇನೆ.

ಹಿಂದೆ ಒಮ್ಮೆ, ಕಲ್ಲಗೆರೆಯನ್ನು ಮುದಿಯಪ್ಪನಾಯಕ ಆಳುತ್ತಿದ್ದಾಗ, ಕೋಟೆಯೊಳಗೆ ಜನ ಕಿಕ್ಕಿರಿದು, ಒಬ್ಬರ ಒಲೆಯ ಹೊಗೆ ಇನ್ನೊಬ್ಬರ ಮನೆ ತುಂಬುತ್ತಿತ್ತು ಎನ್ನುತ್ತಾರೆ. ನಾಯಕ ಪಡುಬಾಗಿಲ ಹೊರಗಿನ ಬಯಲನ್ನು ಕೆಲವು ಮನೆತನಗಳಿಗೆ ಹಂಚಿದ. ಆದರೆ ಒಂದು ಕಟ್ಟಳೆ ವಿಧಿಸಿದ. ಪ್ರತಿ ಮನೆಯವರೂ ಅಂಗಳದಲ್ಲಿ ಒಂದು ಮರ ನೆಡಬೇಕು. ಆರನೆಯ ಬೇಸಗೆಯಲ್ಲಿ ಅರಮನೆಯ ಪಾರುಪತ್ಯಗಾರ ಬಂದು ಮರದಡಿ ಕರಿಯ ಕಂಬಳಿಯೊಂದನ್ನು ಹಾಸಿಸುತ್ತಾನೆ. ಕಂಬಳಿ ಪೂರ್ತಿ ನೆರಳಲ್ಲಿದ್ದರೆ ಮನೆ ಶಾಶ್ವತವಾಗಿ ಅವರದು. ಒಂದು ಮೂಲೆ ಬಿಸಿಲಿಗೆ ಬಿದ್ದರೂ ಮತ್ತೆ ಕೋಟೆಯೊಳಕ್ಕೆ ಹೋಗಬೇಕು. ಹಾಗೆ ಹೊರಗೆ ಬಂದವರಲ್ಲಿ ಅಣ್ಣತಮ್ಮಂದಿರಿಬ್ಬರ ಸಂಸಾರಗಳಿದ್ದವು. ಅಣ್ಣನ ಹೆಂಡತಿ ದೇವಾಜಮ್ಮ, ತಮ್ಮನ ಹೆಂಡತಿ ಲಕುಮಕ್ಕ. ಪೂರ್ವದ ಅಂಗಳ ಲಕುಮಕ್ಕನಿಗೆ ಬಂತು, ಪಶ್ಚಿಮದ್ದು ದೇವಾಜಮ್ಮನಿಗೆ.

ದೇವಾಜಮ್ಮ ಎರಡು ಅಂಗಳಗಳ ಗಡಿಯಲ್ಲಿ, ತನ್ನ ಕಡೆಗೆ, ಹೊಂಗೆ ನೆಟ್ಟು ಬುಡಕ್ಕೆ ಕಲ್ಲುಕಟ್ಟೆ ಕಟ್ಟಿಸಿದಳು. ಐದು ಬೇಸಗೆ ಕೆರೆಯಿಂದ ಕೊಡದಲ್ಲಿ ನೀರು ಹೊತ್ತಳು. ಕೊಡ ಉಜ್ಜಿ ಸೊಂಟ ಜಡ್ಡುಗಟ್ಟಿ ಗಾಯವಾಯಿತೆನ್ನುತ್ತಾರೆ. ಮರವೇನೋ ಎಲ್ಲರ ಮರಕ್ಕಿಂತ ಮೊದಲು ಹಬ್ಬಿತು. ಆದರೆ ಮಧ್ಯಾಹ್ನ ಹೊತ್ತು ವಾಲಿತೆಂದರೆ ಅದರ ನೆರಳೆಲ್ಲ ಲಕುಮಕ್ಕನ ಅಂಗಳಕ್ಕೆ ಹೋಗಿ ಬೀಳುತ್ತಿತ್ತು. ಲಕುಮಕ್ಕ ತನ್ನ ಅಂಗಳದ ಪೂರ್ವದ ತುದಿಯಲ್ಲಿ ಬಸರಿ ನೆಟ್ಟಿದ್ದಳು. ಅದು ಹೇಗೋ ಬದುಕಿಕೊಂಡಿತ್ತು. ಅವಳು ಅದಕ್ಕೆ ನೀರು ಹೊತ್ತದ್ದನ್ನು ಕಂಡವರು ಕಡಿಮೆ. ಮಧ್ಯಾಹ್ನವಾದರೆ ಕೇರಿಯ ಹೆಂಗಸರೆಲ್ಲ ಅವಳ ಅಂಗಳದಲ್ಲಿ ಸೇರಿ ಹತ್ತಿ ಬಿಡಿಸುವರು, ಹೇನು ನೋಡುವರು, ನಗುವರು. ಇತ್ತ ದೇವಾಜಮ್ಮ ಕಾದ ಜಗಲಿಯಲ್ಲಿ ಒಬ್ಬಳೇ ಕುಳಿತು ಆ ನಗುವನ್ನು ಕೇಳುವಳು.

ಪಾರುಪತ್ಯಗಾರ ಬರುವ ಹಿಂದಿನ ದಿನ ಕೋಟೆಯಿಂದ ಲಕುಮಕ್ಕನ ಚಿಕ್ಕಮ್ಮ ಬಂದಿದ್ದಳು. “ಎಂಥ ತಂಪೇ ನಿನ್ನ ಮನೇಲಿ! ಪುಣ್ಯವಂತೆ ಕಣೆ ನೀನು” ಎಂದಳು. ಲಕುಮಕ್ಕ, “ಇನ್ನೂ ನಾಲ್ಕು ದಿನ ಇದ್ದು ಹೋಗು ಚಿಕ್ಕಮ್ಮ, ನೆರಳಿಗೇನು ಬರವೇ?” ಎಂದು ನಕ್ಕಳೇ ಹೊರತು ಮರ ಯಾರದೆಂದು ಹೇಳಲಿಲ್ಲ. ದೇವಾಜಮ್ಮ ಅದನ್ನು ಕೇಳಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಅತಿಥಿಯನ್ನು ಕರೆದುಕೊಂಡು ಎಲ್ಲರೂ ಕೆರೆಯ ಕಡೆ ಹೋದರು. ಇವಳು ಕೊಡಲಿ ತೆಗೆದುಕೊಂಡು ಮರ ಹತ್ತಿ, ಲಕುಮಕ್ಕನ ಅಂಗಳದ ಮೇಲೆ ಚಾಚಿದ್ದ ಕೊಂಬೆಗಳನ್ನೆಲ್ಲ ಬುಡಸಹಿತ ಕಡಿದುಹಾಕಿದಳು. ತನ್ನ ಕಡೆಯ ಒಂದು ಎಲೆಯನ್ನೂ ಮುಟ್ಟಲಿಲ್ಲ. ಕೇಳಿದವರಿಗೆ, “ಆಡಿಗೆ ಸೊಪ್ಪು ಬೇಕಿತ್ತು” ಎಂದಳಂತೆ.

ಮರುದಿನ ಪಾರುಪತ್ಯಗಾರ ವೀರಣ್ಣ ಬಂದದ್ದು ಬೆಳಗಿನ ಹೊತ್ತು. ಲಕುಮಕ್ಕನ ಬಸರಿಯ ಕೆಳಗೆ ಕಂಬಳಿ ಹಾಸಿಸಿದ. ಪೂರ್ತಿ ನೆರಳು. ಆಮೇಲೆ ದೇವಾಜಮ್ಮನ ಕಟ್ಟೆಯ ಮೇಲೆ ಹಾಸಿಸಿದ. ಬೆಳಗಿನ ಬಿಸಿಲನ್ನು ಆ ಕಟ್ಟೆಗೆ ಬೀಳದಂತೆ ತಡೆಯುತ್ತಿದ್ದದ್ದು ಪೂರ್ವದ ಕೊಂಬೆಗಳು. ಅವು ಈಗ ಇರಲಿಲ್ಲ. ಅರ್ಧ ಕಂಬಳಿ ಬಿಸಿಲಿನಲ್ಲಿ ಮಲಗಿತ್ತು.

“ಊರಿಗೇ ದೊಡ್ಡ ಮರ ನಿಮ್ಮದು ಅಂತ ಕೇಳಿದ್ದೆನಲ್ಲಮ್ಮ. ಕಡಿದವರು ಯಾರು?” ಎಂದ ವೀರಣ್ಣ. ಅವರನ್ನು ಹೊರಡಿಸಲು ಅವನಿಗೂ ಮನಸ್ಸು ಬರಲಿಲ್ಲ. “ಸಾಮಾನು ಕಟ್ಟಿಕೊಳ್ಳಿ. ಇಲ್ಲದಿದ್ದರೆ ಗೆದ್ದ ಮನೆಯವರು ಯಾರಾದರೂ ಹೊಣೆ ನಿಲ್ಲಲಿ. ನಿಂತವರ ಹೆಸರಿಗೆ ಈ ಮರ ಕಡತದಲ್ಲಿ ಸೇರುತ್ತೆ, ಮನೆ ನಿಮಗೆ ಉಳಿಯುತ್ತೆ” ಎಂದ.

ಯಾರೂ ಕದಲಲಿಲ್ಲ. ಆಗ ಲಕುಮಕ್ಕ ಸೆರಗು ಬಿಗಿದುಕೊಂಡು ಮುಂದೆ ಬಂದಳು. “ನಾನು ನಿಲ್ತೀನಿ ಸ್ವಾಮಿ.” ಆಮೇಲೆ ಓರಗಿತ್ತಿಯ ಕಡೆ ತಿರುಗಿ, “ಅಕ್ಕ, ಇಷ್ಟು ವರ್ಷ ನಿಮ್ಮ ಮರದ ನೆರಳಲ್ಲಿ ಕೂತಿದೀನಿ. ಇಷ್ಟೂ ಮಾಡಬಾರದೇ? ಆಡಿಗೆ ಸೊಪ್ಪು ಬೇಕಾದರೆ ಮುಂದೆ ನನ್ನ ಕೇಳಿ, ನಾನೇ ಕಡಿದುಕೊಡ್ತೀನಿ” ಎಂದಳು. ನೆರೆದವರು ನಕ್ಕರು. ಅದು ಕರುಣೆಯ ಮಾತೋ ಚುಚ್ಚುಮಾತೋ ಎಂದು ಎರಡೂ ಮನೆಯವರು ಇವತ್ತಿಗೂ ವಾದಿಸುತ್ತಾರೆ. ನನ್ನ ಅಭಿಪ್ರಾಯವನ್ನು ನಾನು ದಾಖಲಿಸಿಲ್ಲ. ಒಪ್ಪಿಗೆಯೇ ಎಂದು ವೀರಣ್ಣ ಮೂರು ಸಲ ಕೇಳಿದ. ಬೇಡವೆಂದರೆ ಗಂಡ, ಮಕ್ಕಳು, ಮುದಿ ಅತ್ತೆಯೊಂದಿಗೆ ಮತ್ತೆ ಆ ಹೊಗೆಯ ಓಣಿ. ಹೌದೆಂದರೆ ತಾನು ಸೊಂಟ ಸವೆಸಿ ಬೆಳೆಸಿದ ಮರ ಲಕುಮಕ್ಕನದು. ಮೂರನೆಯ ಸಲಕ್ಕೆ ದೇವಾಜಮ್ಮ ಹೂಂ ಎಂದಳು. ಕಡತದಲ್ಲಿ ‘ಲಕುಮಕ್ಕನ ಕಟ್ಟೆ’ ಎಂದು ಬರೆದರು. ದೇವಾಜಮ್ಮ ಮತ್ತೆ ಮೂವತ್ತು ವರ್ಷ ಆ ಮನೆಯಲ್ಲಿ ಬಾಳಿದಳು. ಮರಕ್ಕೆ ನೀರು ಹಾಕುವುದನ್ನು ಬಿಡಲಿಲ್ಲ, ಕಟ್ಟೆಯ ಹೆಸರನ್ನು ಮಾತ್ರ ಒಮ್ಮೆಯೂ ಬಾಯಲ್ಲಿ ಆಡಲಿಲ್ಲ ಎನ್ನುತ್ತಾರೆ.

ಈಗಿರುವುದು ಆ ಮರವೇ ಅಥವಾ ಅದರ ಬೇರಿನಿಂದ ಎದ್ದದ್ದೇ, ಹೇಳಲಾರೆ. ಲಕುಮಕ್ಕನ ಅಂಗಳವೇ ಇಂದಿನ ಪಾರ್ಕು. ಕೊಂಬೆಯಿಲ್ಲದಿದ್ದರೇನು, ಹೊತ್ತು ವಾಲಿದ ಮೇಲೆ ಸೂರ್ಯ ಪಶ್ಚಿಮದಲ್ಲಿರುತ್ತಾನೆ. ನಮ್ಮ ಕಡೆಯ ಕೊಂಬೆಗಳ ನೆರಳೇ ಗಡಿ ದಾಟಿ ಅತ್ತ ಹೋಗುತ್ತದೆ. ನಾಲ್ಕು ಗಂಟೆಗೆ ಬಂದು ನೋಡಿ. ಬಡಾವಣೆಯ ಹೆಂಗಸರೆಲ್ಲ ಕಟ್ಟೆಯ ಪೂರ್ವದ ಅಂಚಿನಲ್ಲಿ ಒತ್ತಿಕೊಂಡು ಕುಳಿತು ಹರಟುತ್ತಿರುತ್ತಾರೆ. ನಮ್ಮ ಗೇಟಿನ ಕಡೆಯ ಕಲ್ಲುಗಳು ಕೈಯಿಡಲಾಗದಷ್ಟು ಕಾದಿರುತ್ತವೆ.